ಎಲ್‌ಇಡಿ ಉರಿಸುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಚಿಕ್ಕಮಗಳೂರು ಕಡೆ ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಮಾದರಿ ಮಾಡುವ ಮಕ್ಕಳು, ಪಾಲಿಟೆಕ್ನಿಕ್‌ಗೆ ಹೊಸದಾಗಿ ಸೇರಿದವರು, ತೋಟದ ಮನೆಯಲ್ಲಿ ಸೋಲಾರ್ ಬ್ಯಾಟರಿಗೆ ತಾವೇ ದೀಪ ಹಾಕಿಕೊಳ್ಳುವವರು ಹೆಚ್ಚಾಗಿ ಕೇಳುವ ಪ್ರಶ್ನೆಗಳಿವು. ಮೊದಲೇ ಒಂದು ಮಾತು. ‘ಕರೆಂಟ್ ಹೋಯ್ತು’ ಎಂದಾಗ ನಾವು ಹೇಳುವುದು ಮನೆಗೆ ಬರುವ ವಿದ್ಯುತ್ತಿನ ಬಗ್ಗೆ. ಈ ಪುಟದಲ್ಲಿ ಕರೆಂಟ್ ಎಂದರೆ ತಂತಿಯಲ್ಲಿ ಹರಿಯುವ ಪ್ರವಾಹ ಮಾತ್ರ, ಅದರ ಅಳತೆ ಮಿಲಿಆಂಪ್. ಎಲ್‌ಇಡಿ ಸುಟ್ಟುಕೊಳ್ಳುವವರು ಸಾಮಾನ್ಯವಾಗಿ ವೋಲ್ಟೇಜ್ ನೋಡಿರುತ್ತಾರೆ, ಕರೆಂಟ್ ನೋಡಿರುವುದಿಲ್ಲ.

ಎಲ್‌ಇಡಿಗೂ ಹಳೆಯ ಬಲ್ಬಿಗೂ ಏನು ವ್ಯತ್ಯಾಸ?

ಹಳೆಯ ಬಲ್ಬಿನಲ್ಲಿ ತಂತಿ ಕಾದು ಕೆಂಪಾಗಿ ಬೆಳಕು ಬರುತ್ತಿತ್ತು. ಎಲ್‌ಇಡಿಯಲ್ಲಿ ಕಾಯುವ ತಂತಿಯೇ ಇಲ್ಲ. ಅದೊಂದು ಡಯೋಡ್, ಎರಡು ಬಗೆಯ ಅರೆವಾಹಕ ಸೇರಿದ ಸಣ್ಣ ಚೂರು. ಎಲೆಕ್ಟ್ರಾನು ಆ ಸಂಧಿ ದಾಟಿ ಎದುರಿನ ಖಾಲಿ ಜಾಗದಲ್ಲಿ ಬಿದ್ದಾಗ ಬಿಟ್ಟುಕೊಡುವ ಶಕ್ತಿಯೇ ಬೆಳಕು. ಡಯೋಡ್ ಆದ್ದರಿಂದ ಒಂದೇ ದಿಕ್ಕಿಗೆ ಕರೆಂಟ್ ಬಿಡುತ್ತದೆ. ತಿರುಗಿಸಿ ಹಾಕಿದರೆ ಉರಿಯುವುದಿಲ್ಲ. ಉಲ್ಟಾ ವೋಲ್ಟೇಜ್ 5ಕ್ಕಿಂತ ಹೆಚ್ಚಾದರೆ ಕೆಡಲೂಬಹುದು, ಸಾಮಾನ್ಯ ಎಲ್‌ಇಡಿಗೆ ತಯಾರಕರು ಕೊಡುವ ಮಿತಿ ಅಷ್ಟೇ.

ಯಾವ ಕಾಲು ಪ್ಲಸ್? ಕಾಲು ಕತ್ತರಿಸಿ ಹೋಗಿದ್ದರೆ?

ಉದ್ದ ಕಾಲು ಪ್ಲಸ್, ಗಿಡ್ಡ ಕಾಲು ಮೈನಸ್. ಎರಡೂ ಸಮ ಕತ್ತರಿಸಿದ್ದರೆ ಬುಡದ ಅಂಚಿನ ಸುತ್ತ ಬೆರಳಾಡಿಸಿ, ಒಂದು ಕಡೆ ಚಪ್ಪಟೆ ಇರುತ್ತದೆ, ಅದು ಮೈನಸ್. ಬೆಳಕಿಗೆ ಹಿಡಿದು ಒಳಗೆ ನೋಡಿದರೆ ಒಂದು ದೊಡ್ಡ ತುಂಡು, ಒಂದು ಸಣ್ಣ ತುಂಡು ಕಾಣುತ್ತದೆ. ದೊಡ್ಡದು ಸಾಮಾನ್ಯವಾಗಿ ಮೈನಸ್. ಆದರೆ ಈ ಗುರುತನ್ನೇ ಪೂರ್ತಿ ನಂಬಬೇಡಿ, ಇದಕ್ಕೆ ತಿರುವುಮುರುವಾದ ತಯಾರಿಕೆಯೂ ಇದೆ. ಅನುಮಾನ ಬಂದರೆ ಮೀಟರ್ ಹಿಡಿಯುವುದೇ ಸರಿ.

9 ವೋಲ್ಟ್ ಬ್ಯಾಟರಿಗೆ ನೇರವಾಗಿ ಕೊಟ್ಟರೆ ಯಾಕೆ ಸುಟ್ಟುಹೋಗುತ್ತದೆ?

ಸಖರಾಯಪಟ್ಟಣದ ಅಯ್ಯನಕೆರೆಯ ಕೋಡಿಯನ್ನು ನೆನಪಿಸಿಕೊಳ್ಳಿ. ನೀರು ಕೋಡಿಯ ಮಟ್ಟ ಮುಟ್ಟುವವರೆಗೆ ಆಚೆ ಒಂದು ಹನಿಯೂ ಹೋಗುವುದಿಲ್ಲ. ಮಟ್ಟ ದಾಟಿ ಒಂದು ಗೇಣು ಏರಿದರೆ ಸಾಕು, ಭೋರ್ಗರೆಯುತ್ತದೆ. ಎಲ್‌ಇಡಿಯೂ ಹಾಗೆಯೇ. ಕೆಂಪು ಎಲ್‌ಇಡಿಗೆ ಒಂದೂವರೆ ವೋಲ್ಟ್ ಕೊಟ್ಟರೆ ಏನೂ ಆಗದು. 1.7ರ ಹತ್ತಿರ ಮಿಣುಕುತ್ತದೆ, 2 ವೋಲ್ಟಿಗೆ ಚೆನ್ನಾಗಿ ಉರಿಯುತ್ತದೆ, ಅಲ್ಲಿಂದ ಇನ್ನೊಂದು ಕಾಲು ವೋಲ್ಟ್ ಏರಿಸಿದರೆ ಕರೆಂಟ್ ಹಲವು ಪಟ್ಟಾಗುತ್ತದೆ. 9 ವೋಲ್ಟ್ ಎಂದರೆ ಕೆರೆ ಏರಿಯೇ ಒಡೆದಂತೆ. ಕೆಂಪು ಎಲ್‌ಇಡಿ ಒಂದು ಕ್ಷಣ ಕಿತ್ತಳೆ ಬಣ್ಣಕ್ಕೆ ತಿರುಗಿ ಸತ್ತುಹೋಗುತ್ತದೆ.

ಕೋಡಿಯ ಎತ್ತರ ಬಣ್ಣದಿಂದ ಬಣ್ಣಕ್ಕೆ ಬೇರೆ. ಕೆಂಪಿಗೆ 1.8ರಿಂದ 2.2 ವೋಲ್ಟ್, ಹಳದಿಗೆ 2ರಿಂದ 2.2, ನೀಲಿ ಮತ್ತು ಬಿಳಿಗೆ 3ರಿಂದ 3.4. ಹಸಿರಿನಲ್ಲಿ ಎರಡು ಜಾತಿ ಇವೆ. ಹಳೆಯ ಮಂದ ಹಸಿರಿಗೆ 2 ವೋಲ್ಟಿನ ಆಸುಪಾಸು, ಟ್ರಾಫಿಕ್ ಸಿಗ್ನಲ್ಲಿನಂಥ ಕಡು ಹಸಿರಿಗೆ 3ಕ್ಕಿಂತ ಹೆಚ್ಚು. ಅಂಗಡಿಯಲ್ಲಿ ‘ಹಸಿರು ಕೊಡಿ’ ಎಂದರೆ ಎರಡರಲ್ಲಿ ಯಾವುದಾದರೂ ಬಂದೀತು, ಲೆಕ್ಕ ಹಾಕುವ ಮೊದಲು ಅಳೆದುಕೊಳ್ಳಿ.

ಹಾಗಾದರೆ ಎಷ್ಟು ಓಮ್‌ನ ರೆಸಿಸ್ಟರ್ ಹಾಕಬೇಕು?

ಕರೆಂಟ್ ಮಿತಿಮೀರದಂತೆ ತಡೆಯುವ ಬಿಡಿಭಾಗವೇ ರೆಸಿಸ್ಟರ್, ಅದರ ತಡೆಯ ಅಳತೆ ಓಮ್. ಬ್ಯಾಟರಿಯ ವೋಲ್ಟೇಜಿನಿಂದ ಎಲ್‌ಇಡಿಯ ವೋಲ್ಟೇಜ್ ಕಳೆಯಿರಿ. ಉಳಿದದ್ದನ್ನು ಬೇಕಾದ ಕರೆಂಟಿನಿಂದ ಭಾಗಿಸಿ. ಕರೆಂಟನ್ನು ಆಂಪಿನಲ್ಲಿ ಬರೆದುಕೊಳ್ಳಬೇಕು, 10 ಮಿಲಿಆಂಪ್ ಎಂದರೆ 0.01. ಮಕ್ಕಳು ಎಡವುವುದು ಇಲ್ಲಿಯೇ.

9 ವೋಲ್ಟ್ ಬ್ಯಾಟರಿ, ಕೆಂಪು ಎಲ್‌ಇಡಿ: 9ರಲ್ಲಿ 2 ಹೋದರೆ 7. ಅದನ್ನು 0.01ರಿಂದ ಭಾಗಿಸಿದರೆ 700 ಓಮ್. ಅಂಗಡಿಯಲ್ಲಿ 700 ಸಿಗುವುದಿಲ್ಲ, 680 ಸಿಗುತ್ತದೆ. ಅದರ ಮೈಮೇಲಿನ ಬಣ್ಣದ ಪಟ್ಟಿ ನೀಲಿ, ಬೂದು, ಕಂದು. 5 ವೋಲ್ಟಿನ ಮೊಬೈಲ್ ಚಾರ್ಜರಿಗೆ ಅದೇ ಕೆಂಪು ಎಲ್‌ಇಡಿ ಹಾಕುವುದಾದರೆ 330 ಓಮ್: ಕಿತ್ತಳೆ, ಕಿತ್ತಳೆ, ಕಂದು. 5 ವೋಲ್ಟಿಗೆ ಬಿಳಿಯದಾದರೆ 180. 12 ವೋಲ್ಟ್ ಅಡಾಪ್ಟರಿಗೆ ಕೆಂಪಾದರೆ 1 ಕಿಲೋ ಓಮ್: ಕಂದು, ಕಪ್ಪು, ಕೆಂಪು.

5 ಮಿಲಿಮೀಟರ್ ಎಲ್‌ಇಡಿಯ ಚೀಟಿಯಲ್ಲಿ 20 ಮಿಲಿಆಂಪ್ ಎಂದಿರುತ್ತದೆ, ಇಲ್ಲಿ 10 ಹಿಡಿದಿರುವುದು ಯಾಕೆ ಎಂದರೆ ಕಣ್ಣಿಗೆ ಅರ್ಧ ಬೆಳಕು ಅರ್ಧವೆಂದು ಕಾಣುವುದಿಲ್ಲ. 20ಕ್ಕೂ 10ಕ್ಕೂ ಇರುವ ವ್ಯತ್ಯಾಸ ಅಕ್ಕಪಕ್ಕ ಇಟ್ಟು ನೋಡಿದರಷ್ಟೇ ಗೊತ್ತಾಗುತ್ತದೆ. ಬ್ಯಾಟರಿ ಮಾತ್ರ ಎರಡು ಪಟ್ಟು ದಿನ ಬರುತ್ತದೆ. ಇಂಡಿಕೇಟರಿಗೆ, ಅದೂ ಈಗಿನ ಹೆಚ್ಚು ಬೆಳಕಿನ ಎಲ್‌ಇಡಿಗೆ, 2 ಮಿಲಿಆಂಪೂ ಸಾಕು.

ರೆಸಿಸ್ಟರ್ ಎಷ್ಟು ಕಾಯುತ್ತದೆ ಎಂಬುದನ್ನೂ ನೋಡಿ. ಅದರ ಮೇಲೆ ಬೀಳುವ ವೋಲ್ಟೇಜನ್ನು ಕರೆಂಟಿನಿಂದ ಗುಣಿಸಿದರೆ ವ್ಯಾಟ್. 10 ವೋಲ್ಟ್, 10 ಮಿಲಿಆಂಪ್ ಆದರೆ 0.1 ವ್ಯಾಟ್, ಕಾಲು ವ್ಯಾಟಿನದ್ದು ಆರಾಮಾಗಿ ತಡೆಯುತ್ತದೆ. ಅದೇ 12 ವೋಲ್ಟಿಗೆ 470 ಓಮ್ ಹಾಕಿದರೆ 0.2 ವ್ಯಾಟ್ ದಾಟುತ್ತದೆ, ಬೆರಳಿಟ್ಟರೆ ಚುರುಕು ಮುಟ್ಟುತ್ತದೆ. ಅಲ್ಲಿ ಅರ್ಧ ವ್ಯಾಟಿನದ್ದು ಹಾಕಿ.

ರೆಸಿಸ್ಟರ್ ಪ್ಲಸ್ ಕಡೆಗೋ ಮೈನಸ್ ಕಡೆಗೋ?

ಎರಡೂ ಒಂದೇ. ಒಂದೇ ಸಾಲಿನಲ್ಲಿ ಎಲ್ಲ ಕಡೆ ಹರಿಯುವ ಕರೆಂಟ್ ಒಂದೇ.

ಬಟನ್ ಸೆಲ್ಲಿಗೆ ರೆಸಿಸ್ಟರ್ ಇಲ್ಲದೆ ಹಾಕಿದರೂ ಸುಡುವುದಿಲ್ಲವಲ್ಲ?

ಸಿಆರ್2032 ಸೆಲ್ ಬರೀ 3 ವೋಲ್ಟಿನದು, ಒಳಗಿನ ಪ್ರತಿರೋಧವೂ ಹೆಚ್ಚು. ಸೆಲ್ಲಿನ ಬಡತನವೇ ಅಲ್ಲಿ ರೆಸಿಸ್ಟರಿನ ಕೆಲಸ ಮಾಡುತ್ತದೆ. ಎಲ್‌ಇಡಿ ಪರೀಕ್ಷಿಸಲು ಇದು ಒಳ್ಳೆಯ ಉಪಾಯ: ಸೆಲ್ಲನ್ನು ಎರಡು ಕಾಲಿನ ನಡುವೆ ತೂರಿಸಿದರೆ ಉರಿದು ತೋರಿಸುತ್ತದೆ. ಸಣ್ಣ ಮಕ್ಕಳ ಕೈಗೆ ಮಾತ್ರ ಈ ಸೆಲ್ ಸಿಗಬಾರದು. ನುಂಗಿದರೆ ಅನ್ನನಾಳವನ್ನು ಕೆಲವೇ ಗಂಟೆಗಳಲ್ಲಿ ಸುಡುತ್ತದೆ, ತಡಮಾಡದೆ ಆಸ್ಪತ್ರೆಗೆ ಓಡಬೇಕು.

ನಾಲ್ಕೈದು ಎಲ್‌ಇಡಿಗೆ ಒಂದೇ ರೆಸಿಸ್ಟರ್ ಹಾಕಿದರೆ ಸಾಲದೇ?

ಒಂದರ ಹಿಂದೆ ಒಂದರಂತೆ ಸೀರೀಸ್‌ನಲ್ಲಿ ಜೋಡಿಸಿದ್ದರೆ ಒಂದೇ ಸಾಕು. ಅಕ್ಕಪಕ್ಕ ಪ್ಯಾರಲಲ್ ಜೋಡಿಸಿದ್ದರೆ ಪ್ರತಿಯೊಂದಕ್ಕೂ ಅದರದೇ ರೆಸಿಸ್ಟರ್ ಬೇಕು. ಒಂದೇ ಪೊಟ್ಟಣದ ಎಲ್‌ಇಡಿಗಳಲ್ಲೂ ಕೋಡಿಯ ಎತ್ತರ ಕೂದಲೆಳೆಯಷ್ಟು ಹೆಚ್ಚುಕಡಿಮೆ ಇರುತ್ತದೆ. ತಗ್ಗಿನ ಕೋಡಿಯದು ಹೆಚ್ಚು ಕರೆಂಟ್ ಎಳೆಯುತ್ತದೆ, ಎಳೆದು ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಅದರ ವೋಲ್ಟೇಜ್ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿದು ಇನ್ನೂ ಹೆಚ್ಚು ಎಳೆಯುತ್ತದೆ. ಅದು ಸತ್ತ ಮೇಲೆ ಅದರ ಪಾಲೂ ಉಳಿದವುಗಳ ಮೇಲೆ ಬೀಳುತ್ತದೆ. ಕೆಂಪು ಮತ್ತು ಬಿಳಿಯನ್ನು ಪ್ಯಾರಲಲ್ ಹಾಕಿ ಒಂದೇ ರೆಸಿಸ್ಟರ್ ಕೊಟ್ಟರೆ ಬಿಳಿ ಉರಿಯುವುದೇ ಇಲ್ಲ. ನೀರೆಲ್ಲ ಕೆಂಪಿನ ತಗ್ಗಿನಲ್ಲಿ ಹರಿದುಹೋಗುತ್ತದೆ.

12 ವೋಲ್ಟ್ ಸೋಲಾರ್ ಬ್ಯಾಟರಿಗೆ ಮೂರು ಬಿಳಿ ಎಲ್‌ಇಡಿ ಹಾಕಿದೆವು, ಕೆಲವೇ ತಿಂಗಳಲ್ಲಿ ಮಂಕಾದವು. ಯಾಕೆ?

ಪುಸ್ತಕದ ಲೆಕ್ಕ ಹೀಗಿರುತ್ತದೆ: ಮೂರು ಬಿಳಿಗೆ 9.6 ವೋಲ್ಟ್, ಉಳಿದದ್ದು 2.4, 20 ಮಿಲಿಆಂಪಿಗೆ 120 ಓಮ್. ಲೆಕ್ಕದಲ್ಲಿ ತಪ್ಪಿಲ್ಲ, ಬ್ಯಾಟರಿ ಮಾತ್ರ 12 ವೋಲ್ಟಿನಲ್ಲಿ ನಿಲ್ಲುವುದಿಲ್ಲ. ಬಿಸಿಲಿಗೆ ಚಾರ್ಜ್ ಆಗುವಾಗ ಲೆಡ್ ಆಸಿಡ್ ಬ್ಯಾಟರಿ 14.4ರವರೆಗೆ ಏರುತ್ತದೆ. ಆಗ ರೆಸಿಸ್ಟರಿನ ಮೇಲೆ 4.8 ವೋಲ್ಟ್ ಬಿದ್ದು 40 ಮಿಲಿಆಂಪ್ ಹರಿಯುತ್ತದೆ, ಮಿತಿಯ ಎರಡು ಪಟ್ಟು. ಮೋಡ ಮುಚ್ಚಿದ ಆಷಾಢದಲ್ಲಿ ಬ್ಯಾಟರಿ 11ಕ್ಕೆ ಇಳಿದಾಗ ಅದೇ ದೀಪ ಸೊರಗುತ್ತದೆ. ರೆಸಿಸ್ಟರಿಗೆ ಬಿಟ್ಟ ವೋಲ್ಟೇಜ್ ಕಡಿಮೆಯಾದಷ್ಟೂ ಏರಿಳಿತ ಜಾಸ್ತಿ.

ಸಾಲಿಗೆ ಎರಡೇ ಬಿಳಿ ಹಾಕಿ 470 ಓಮ್ ಕೊಡಿ. 14.4 ವೋಲ್ಟಿಗೆ 17 ಮಿಲಿಆಂಪ್, 12ಕ್ಕೆ 12, 11ಕ್ಕೂ ಸುಮಾರು 10 ಸಿಗುತ್ತದೆ. ಸ್ವಲ್ಪ ವಿದ್ಯುತ್ತು ರೆಸಿಸ್ಟರಿನಲ್ಲಿ ಬಿಸಿಯಾಗಿ ಹೋಗುವುದು ನಿಜ. ಆದರೆ ಮಳೆಗಾಲ, ಬೇಸಿಗೆ ಎರಡರಲ್ಲೂ ಒಂದೇ ಸಮ ಉರಿಯುವ ದೀಪ ಬೇಕೆಂದರೆ ಆ ಬೆಲೆ ಕೊಡಬೇಕು. ಮೂರೇ ಬೇಕೆಂದರೆ 120 ತೆಗೆದು 270 ಓಮ್ ಹಾಕಿ. ಚಾರ್ಜ್ ಆಗುವಾಗ 18 ದಾಟುವುದಿಲ್ಲ, ರಾತ್ರಿ 9ರ ಹತ್ತಿರ ನಿಲ್ಲುತ್ತದೆ. ಇಷ್ಟಾದ ಮೇಲೆ ಬ್ಯಾಟರಿಯ ಪ್ಲಸ್ಸಿನ ಪಕ್ಕದಲ್ಲೇ 1 ಆಂಪ್ ಫ್ಯೂಸ್ ಹಾಕುವುದನ್ನು ಮರೆಯಬೇಡಿ. ಇಲಿ ತಂತಿ ಕಡಿದು ಶಾರ್ಟ್ ಆದರೆ ಆ ಬ್ಯಾಟರಿ ತಂತಿಯನ್ನೇ ಕೆಂಪಗೆ ಕಾಯಿಸಬಲ್ಲದು.

ಅಂಟಿಸುವ ಎಲ್‌ಇಡಿ ಸ್ಟ್ರಿಪ್ಪಿನ ಕೊನೆ ಮಂಕಾಗಿದೆ. ಸ್ಟ್ರಿಪ್ ಹಾಳಾಗಿದೆಯೇ?

ಇರಲಾರದು. ಮೀಟರಿಗೆ 60 ಎಲ್‌ಇಡಿ ಇರುವ ಸಾಧಾರಣ 3528 ಸ್ಟ್ರಿಪ್ ಮೀಟರಿಗೆ 4.8 ವ್ಯಾಟ್ ತಿನ್ನುತ್ತದೆ. ಐದು ಮೀಟರಿಗೆ 24 ವ್ಯಾಟ್, ಅಂದರೆ 12 ವೋಲ್ಟಿನಲ್ಲಿ 2 ಆಂಪ್. ಸ್ಟ್ರಿಪ್ಪಿನ ತಾಮ್ರ ಕಾಗದದಷ್ಟು ತೆಳು, ದಾರಿಯಲ್ಲೇ ವೋಲ್ಟೇಜ್ ಸೋರುತ್ತದೆ. ಎರಡೂ ತುದಿಗೆ ತಂತಿ ಎಳೆದು ಸಪ್ಲೈ ಕೊಡಿ, ಸರಿಹೋಗುತ್ತದೆ. ಕತ್ತರಿಸುವಾಗ ಕತ್ತರಿ ಗುರುತಿನ ಮೇಲೆಯೇ ಕತ್ತರಿಸಬೇಕು. 12 ವೋಲ್ಟ್ ಸ್ಟ್ರಿಪ್ಪಿನಲ್ಲಿ ಮೂರು ಎಲ್‌ಇಡಿ ಮತ್ತು ಒಂದು ರೆಸಿಸ್ಟರ್ ಸೇರಿ ಒಂದು ಕುಟುಂಬ. ನಡುವೆ ಕತ್ತರಿಸಿದರೆ ಆ ಮೂರೂ ಉರಿಯವು.

ಮಲ್ಟಿಮೀಟರಿನಲ್ಲಿ ಪರೀಕ್ಷೆ ಹೇಗೆ?

ಡಯೋಡ್ ಗುರುತಿಗೆ ತಿರುಗಿಸಿ, ಕೆಂಪು ತಂತಿ ಉದ್ದ ಕಾಲಿಗೆ, ಕಪ್ಪು ಗಿಡ್ಡ ಕಾಲಿಗೆ. ಕೆಂಪು ಎಲ್‌ಇಡಿ ಮಿಣುಕುತ್ತದೆ, ಮೀಟರ್ 1.6ರಿಂದ 1.9ರ ನಡುವೆ ತೋರಿಸುತ್ತದೆ. ಬಿಳಿ, ನೀಲಿಗೆ ಅಗ್ಗದ ಮೀಟರ್ ‘1’ ಅಥವಾ ‘ಓಎಲ್’ ಎಂದರೆ ಎಲ್‌ಇಡಿ ಕೆಟ್ಟಿದೆ ಎಂದುಕೊಳ್ಳಬೇಡಿ, ಆ ಮೀಟರಿಗೆ 2 ವೋಲ್ಟಿನ ಮೇಲೆ ಅಳೆಯಲು ಬರುವುದಿಲ್ಲ ಅಷ್ಟೇ. ಕತ್ತಲಲ್ಲಿ ಅಂಗೈ ಮುಚ್ಚಿ ನೋಡಿದರೆ ಮಂದವಾಗಿ ಉರಿಯುತ್ತಿರಬಹುದು.

ನೀಲಿ, ಬಿಳಿ ಎಲ್‌ಇಡಿ ಬರಲು ಯಾಕೆ ಅಷ್ಟು ವರ್ಷ ಬೇಕಾಯಿತು?

ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿಯನ್ನು ಅಮೆರಿಕದ ನಿಕ್ ಹೊಲೊನ್ಯಾಕ್ 1962ರಲ್ಲಿ ಮಾಡಿ ತೋರಿಸಿದರು. ನೀಲಿಗೆ ಬೇಕಾದ ಗ್ಯಾಲಿಯಂ ನೈಟ್ರೈಡ್ ಹರಳನ್ನು ದೋಷವಿಲ್ಲದೆ ಬೆಳೆಸುವುದು ಯಾರಿಗೂ ಸುಲಭವಾಗಿ ಒಲಿಯಲಿಲ್ಲ. ಜಪಾನಿನಲ್ಲಿ ಇಸಾಮು ಅಕಸಾಕಿ, ಹಿರೋಶಿ ಅಮಾನೊ, ಶುಜಿ ನಕಮುರಾ ವರ್ಷಗಟ್ಟಲೆ ಅದರ ಬೆನ್ನುಬಿದ್ದು 1990ರ ದಶಕದ ಮೊದಲ ವರ್ಷಗಳಲ್ಲಿ ಪ್ರಖರವಾದ ನೀಲಿ ಎಲ್‌ಇಡಿ ತಂದರು. 2014ರ ಭೌತಶಾಸ್ತ್ರ ನೊಬೆಲ್ ಆ ಮೂವರಿಗೆ ಸಂದಿತು. ಮನೆಯ ಬಿಳಿ ಬೆಳಕು ಆ ನೀಲಿಯಿಂದಲೇ ಬಂದದ್ದು: ನೀಲಿ ಚಿಪ್ಪಿನ ಮೇಲೆ ಹಳದಿ ಫಾಸ್ಫರ್ ಬಳಿದರೆ ಸ್ವಲ್ಪ ನೀಲಿ ಹಾಗೇ ಹೊರಬರುತ್ತದೆ, ಉಳಿದದ್ದು ಹಳದಿಯಾಗುತ್ತದೆ, ಎರಡೂ ಬೆರೆತು ಕಣ್ಣಿಗೆ ಬಿಳಿ. ದೀಪ ಆರಿದ್ದಾಗ ಎಲ್‌ಇಡಿಯ ಮೇಲೆ ಕಾಣುವ ಹಳದಿ ಬೊಟ್ಟು ಆ ಫಾಸ್ಫರೇ.

ವಸ್ತುಪ್ರದರ್ಶನಕ್ಕೆ ಮಿನುಗುವ ದೀಪ ಬೇಕು, ಕೋಡಿಂಗ್ ಇಲ್ಲದೆ.

555 ಐಸಿ ತನ್ನಿ, ಹೊತ್ತು ಎಣಿಸಿ ಆನ್ ಆಫ್ ಮಾಡುವ ಎಂಟು ಕಾಲಿನ ಚಿಪ್ ಅದು. ಜೊತೆಗೆ 1 ಕಿಲೋ ಓಮ್, 68 ಕಿಲೋ ಓಮ್, 470 ಓಮ್ ರೆಸಿಸ್ಟರ್ ಒಂದೊಂದು, 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದು, 0.01 ಮೈಕ್ರೋಫ್ಯಾರಡ್ ಒಂದು, ಕೆಂಪು ಎಲ್‌ಇಡಿ, 9 ವೋಲ್ಟ್ ಬ್ಯಾಟರಿ. ಐಸಿಯ ಕಚ್ಚು ಎಡಕ್ಕಿದ್ದರೆ ಕೆಳಗಿನ ಸಾಲಿನ ಎಡ ತುದಿ 1ನೇ ಪಿನ್, ಅಲ್ಲಿಂದ ಬಲಕ್ಕೆ 4ರವರೆಗೆ. ಮೇಲಿನ ಸಾಲಿನಲ್ಲಿ ಬಲದಿಂದ ಎಡಕ್ಕೆ 5ರಿಂದ 8.

1 ಮೈನಸ್ಸಿಗೆ. 8 ಮತ್ತು 4 ಪ್ಲಸ್ಸಿಗೆ. 2 ಮತ್ತು 6 ಒಂದಕ್ಕೊಂದು ಸೇರಿಸಿ. 8ಕ್ಕೂ 7ಕ್ಕೂ ನಡುವೆ 1 ಕಿಲೋ ಓಮ್, 7ಕ್ಕೂ 6ಕ್ಕೂ ನಡುವೆ 68 ಕಿಲೋ ಓಮ್. 10 ಮೈಕ್ರೋಫ್ಯಾರಡ್ಡಿನ ಪ್ಲಸ್ ಕಾಲು 2ಕ್ಕೆ, ಮೈನಸ್ ಕಾಲು ಬ್ಯಾಟರಿಯ ಮೈನಸ್ಸಿಗೆ. 5ರಿಂದ ಮೈನಸ್ಸಿಗೆ 0.01. 3ರಿಂದ 470 ಓಮ್, ಅಲ್ಲಿಂದ ಎಲ್‌ಇಡಿ, ಅಲ್ಲಿಂದ ಮೈನಸ್. ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಸಲ ಮಿನುಗುತ್ತದೆ. ನಿಧಾನ ಬೇಕಿದ್ದರೆ 10 ತೆಗೆದು 22 ಮೈಕ್ರೋಫ್ಯಾರಡ್ ಹಾಕಿ.

ಒಂದೇ ಸಮ ಉರಿಯುತ್ತಿದ್ದರೆ 2 ಮತ್ತು 6ರ ಜೋಡಣೆ ಬಿಟ್ಟಿರುತ್ತದೆ, ಇಲ್ಲವೇ ಕೆಪಾಸಿಟರಿನ ಕಾಲು ಬ್ರೆಡ್‌ಬೋರ್ಡಿನಲ್ಲಿ ಒಂದು ಸಾಲು ಆಚೆ ಕೂತಿರುತ್ತದೆ. ಐಸಿ ಬಿಸಿಯಾದರೆ ಪ್ಲಸ್ ಮೈನಸ್ ತಿರುವುಮುರುವಾಗಿದೆ, ತಕ್ಷಣ ಬ್ಯಾಟರಿ ಬಿಚ್ಚಿ.

ಆರ್ಡುಯಿನೋ ಪಿನ್ನಿಗೆ ಎಷ್ಟು ಎಲ್‌ಇಡಿ ಹಾಕಬಹುದು?

ಆರ್ಡುಯಿನೋ ಎಂದರೆ ಕೋಡ್ ಬರೆದು ನಡೆಸುವ ಸಣ್ಣ ಬೋರ್ಡು. ಅದರ ಊನೋ ಮಾದರಿಯ ಒಂದು ಪಿನ್ನಿಗೆ 20 ಮಿಲಿಆಂಪ್ ಒಳಗೆ ಇರಲಿ, 40 ಎಂಬುದು ಸುಡುವ ಗಡಿ. ಪಿನ್ನಿಗೆ ಒಂದು ಎಲ್‌ಇಡಿ, ಒಂದು 330 ಓಮ್ ಎಂದಿಟ್ಟುಕೊಳ್ಳಿ. ಹೆಚ್ಚು ಬೇಕಿದ್ದರೆ ಬಿಸಿ547 ಟ್ರಾನ್ಸಿಸ್ಟರ್: ಪಿನ್ನಿನಿಂದ 4.7 ಕಿಲೋ ಓಮ್ ಬೇಸಿಗೆ, ಎಮಿಟರ್ ಮೈನಸ್ಸಿಗೆ, ಎಲ್‌ಇಡಿಗಳ ಮೈನಸ್ ತುದಿ ಕಲೆಕ್ಟರಿಗೆ. ಚಪ್ಪಟೆ ಮುಖ ನಿಮ್ಮ ಕಡೆ, ಕಾಲು ಕೆಳಗೆ ಇದ್ದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. 50 ಮಿಲಿಆಂಪಿನವರೆಗೆ ನೆಮ್ಮದಿಯಾಗಿ ನಡೆಯುತ್ತದೆ. 3.3 ವೋಲ್ಟಿನ ಬೋರ್ಡುಗಳಲ್ಲಿ ಬಿಳಿ, ನೀಲಿ ಮಂಕಾಗಿ ಉರಿಯುವುದು ದೋಷವಲ್ಲ, ಕೋಡಿಯ ಮಟ್ಟಕ್ಕೆ ನೀರೇ ಸಾಲದು.

1 ವ್ಯಾಟ್ ಎಲ್‌ಇಡಿ ಕೆಲವೇ ನಿಮಿಷಕ್ಕೆ ಸತ್ತಿತು.

ಅದಕ್ಕೆ 350 ಮಿಲಿಆಂಪ್ ಬೇಕು, ತಿಂದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಶಾಖವಾಗುತ್ತದೆ. ಆ ಶಾಖ ಬೆಳಕಿನ ಜೊತೆ ಮುಂದಕ್ಕೆ ಹೋಗುವುದಿಲ್ಲ, ಬೆನ್ನಿನಿಂದ ಇಳಿಯಬೇಕು. ಥರ್ಮಲ್ ಪೇಸ್ಟ್ ತೆಳುವಾಗಿ ಸವರಿ ಅಲ್ಯೂಮಿನಿಯಂ ತಗಡಿಗೆ, ಕನಿಷ್ಠ 5 ಸೆಂಟಿಮೀಟರ್ ಚೌಕದ್ದಕ್ಕೆ, ಬಿಗಿಯಾಗಿ ಕೂರಿಸಿ. 12 ವೋಲ್ಟ್ ಬ್ಯಾಟರಿಗಾದರೆ ಎರಡು ಎಲ್‌ಇಡಿ ಸೀರೀಸ್, ಮುಂದೆ ಕರೆಂಟನ್ನು ಒಂದೇ ಸಮ ಇಡುವ ಮೂರು ಕಾಲಿನ ಐಸಿ ಎಲ್‌ಎಂ317. ಅದರ ಔಟ್ ಮತ್ತು ಅಡ್ಜಸ್ಟ್ ಕಾಲಿನ ನಡುವೆ 3.9 ಓಮ್, 1 ವ್ಯಾಟ್ ರೆಸಿಸ್ಟರ್ ಹಾಕಿ, ಅಡ್ಜಸ್ಟ್ ಕಾಲಿನಿಂದ ಎಲ್‌ಇಡಿಗೆ ಕೊಡಿ. ಬ್ಯಾಟರಿ 11 ಇರಲಿ 14 ಇರಲಿ, 320 ಮಿಲಿಆಂಪ್ ಬಿಟ್ಟು ಅಲುಗದು. ಎಲ್‌ಎಂ317ಕ್ಕೂ ಹೀಟ್ ಸಿಂಕ್ (ಶಾಖ ಇಳಿಸುವ ತಗಡು) ಬೇಕು. ಐಸಿಯ ಬೆನ್ನಿನ ಲೋಹ ಔಟ್ ಕಾಲಿಗೇ ಸೇರಿರುವುದರಿಂದ ಎಲ್‌ಇಡಿಯ ಹೀಟ್ ಸಿಂಕಿನ ಮೇಲೆಯೇ ಕೂರಿಸಬೇಡಿ.

ಮೂಡಿಗೆರೆ, ಸಕಲೇಶಪುರದ ಮಳೆಗೆ ಬೋರ್ಡು ಹಸಿರುಗಟ್ಟುತ್ತದೆ. ಉಪಾಯ?

ಎಲ್‌ಇಡಿ ಕೆಡುವುದಿಲ್ಲ, ಅದರ ಕಾಲೂ ಬೋರ್ಡಿನ ತಾಮ್ರವೂ ಕೆಡುತ್ತವೆ. ಬೆಸುಗೆ ಹಾಕಿದ ಮೇಲೆ ಉಳಿಯುವ ಪೇಸ್ಟ್ ಗಾಳಿಯ ತೇವ ಹೀರುತ್ತದೆ, ಹಸಿರು ಅಲ್ಲಿಂದಲೇ ಶುರು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಅದ್ದಿ ತಿಕ್ಕಿ, ಬಿಸಿಲಿಗೋ ಹೇರ್ ಡ್ರೈಯರಿಗೋ ಒಣಗಿಸಿ, ಮೇಲೆ ಪಿಸಿಬಿ ವಾರ್ನಿಷ್ ಬಳಿಯಿರಿ. ಸಣ್ಣ ಬೋರ್ಡಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಎರಡು ಕೋಟ್ ಆದರೂ ನಡೆಯುತ್ತದೆ.

ಸಿಲಿಕಾನ್ ಅಂಟು ಹಾಕುವವರು ಮೊದಲು ಮೂಸಿ ನೋಡಿ. ವಿನೆಗರ್ ವಾಸನೆ ಬಂದರೆ ಅದು ಆರುವಾಗ ಆಮ್ಲ ಬಿಡುವ ಜಾತಿ, ಕಾಪಾಡಬೇಕಾದ ತಾಮ್ರವನ್ನೇ ತಿನ್ನುತ್ತದೆ. ನ್ಯೂಟ್ರಲ್ ಕ್ಯೂರ್ ಎಂದು ಬರೆದದ್ದನ್ನೇ ಕೇಳಿ. ಡಬ್ಬಿಗೆ ತಂತಿ ಕೆಳಗಿನಿಂದ ಒಳಹೋಗಲಿ, ಹೊರಗೆ ಒಂದು ಸಲ ಜೋತುಬಿದ್ದು ಮೇಲೇರಲಿ, ನೀರು ಆ ಜೋತಿನಿಂದಲೇ ತೊಟ್ಟಿಕ್ಕುತ್ತದೆ. ಡಬ್ಬಿಯ ತಳದಲ್ಲಿ 3 ಮಿಲಿಮೀಟರ್ ತೂತು ಬಿಡಿ. ಪೂರ್ತಿ ಮುಚ್ಚಿದ ಡಬ್ಬಿ ಹಗಲಿನ ಬಿಸಿಗೆ ಗಾಳಿ ಬಿಟ್ಟು, ರಾತ್ರಿಯ ಚಳಿಗೆ ತೇವ ಎಳೆದುಕೊಂಡು ಒಳಗೇ ಬೆವರುತ್ತದೆ.

ಸ್ವಿಚ್ ಆಫ್ ಮಾಡಿದರೂ ಎಲ್‌ಇಡಿ ಬಲ್ಬ್ ಮಂದವಾಗಿ ಉರಿಯುತ್ತದೆ.

ಸ್ವಿಚ್ಚಿನಲ್ಲೇ ಸಣ್ಣ ಇಂಡಿಕೇಟರ್ ಇದ್ದರೆ ಅದರ ಮೂಲಕ ಸೋರುವ ಕರೆಂಟ್ ಸಾಕಾಗುತ್ತದೆ. ಮೆಟ್ಟಿಲಿನ ಟೂ ವೇ ವೈರಿಂಗಿನಂತೆ ಉದ್ದಕ್ಕೆ ಜೊತೆಜೊತೆಯಾಗಿ ಓಡುವ ತಂತಿಗಳಲ್ಲೂ ಇದು ಆಗುತ್ತದೆ. ಇವೆರಡರಿಂದ ಅಪಾಯವಿಲ್ಲ. ಮೂರನೆಯ ಕಾರಣ ಅಪಾಯದ್ದು: ಸ್ವಿಚ್ ಫೇಸ್ ಬದಲು ನ್ಯೂಟ್ರಲ್ ಮೇಲೆ ಕೂತಿರುವುದು. ಆಗ ಆಫ್ ಇದ್ದರೂ ಹೋಲ್ಡರಿನಲ್ಲಿ 230 ವೋಲ್ಟ್ ಇರುತ್ತದೆ, ಬಲ್ಬ್ ಬದಲಿಸುವವರಿಗೆ ಹೊಡೆಯುತ್ತದೆ. ಎಲೆಕ್ಟ್ರಿಷಿಯನ್ನರನ್ನು ಕರೆಸಿ ಅದೊಂದನ್ನು ಮೊದಲು ನೋಡಿಸಿ.

ಹಾಸನಾಂಬ ಉತ್ಸವ, ದೀಪಾವಳಿಗೆ ಹಾಕುವ ಸೀರಿಯಲ್ ಸೆಟ್ ಅರ್ಧ ಉರಿಯುತ್ತಿಲ್ಲ.

ಆ ಅರ್ಧ ಒಂದು ಸೀರೀಸ್ ಸಾಲು, ಎಲ್ಲೋ ಒಂದು ಕಾಲು ತುಕ್ಕು ಹಿಡಿದು ಬಿಟ್ಟಿದೆ. ಪ್ಲಗ್ ಕಿತ್ತ ಮೇಲೆಯೇ ಕೈ ಹಾಕಿ. ಈ ಸೆಟ್ಟುಗಳಲ್ಲಿ 230 ವೋಲ್ಟ್ ನೇರವಾಗಿ ತಂತಿಗೆ ಬಂದಿರುತ್ತದೆ, ಎಲ್‌ಇಡಿ 3 ವೋಲ್ಟಿನದು ಎಂಬ ಧೈರ್ಯ ಬೇಡ. ಸತ್ತ ಎಲ್‌ಇಡಿ ತೆಗೆದು ತಂತಿಗೆ ತಂತಿ ಹೊಸೆಯುವುದೂ ಬೇಡ. ಉಳಿದವುಗಳ ಪಾಲು ಏರಿ ಒಂದೊಂದೇ ಹೋಗುತ್ತವೆ. ಮಳೆ ಬೀಳುವ ಅಂಗಳಕ್ಕೆ, ಹೂಗಿಡಕ್ಕೆ 12 ವೋಲ್ಟ್ ಅಡಾಪ್ಟರಿನ ಸೆಟ್ಟನ್ನೇ ಕೊಳ್ಳಿ.

ಪಂಪ್‌ಸೆಟ್ ಸ್ಟಾರ್ಟರಿನ ಮೂರು ದೀಪವೂ ಉರಿಯುತ್ತಿತ್ತು, ಆದರೂ ಮೋಟಾರ್ ಸುಟ್ಟಿತು. ಹೇಗೆ?

ಓಡುತ್ತಿರುವ ಮೋಟಾರಿಗೆ ಒಂದು ಫೇಸ್ ಹೋದರೆ, ಮೋಟಾರೇ ಆ ಕಳೆದ ತಂತಿಗೆ ಒಳಗಿನಿಂದ ವೋಲ್ಟೇಜ್ ಹುಟ್ಟಿಸುತ್ತದೆ. ಎಲ್‌ಇಡಿ ಇಂಡಿಕೇಟರಿಗೆ ಉರಿಯಲು ಅಷ್ಟೇ ಸಾಕು, ಫೇಸ್ ಇದ್ದಂತೆಯೇ ಕಾಣುತ್ತದೆ. ಉಳಿದೆರಡು ಫೇಸಿನ ಸುರುಳಿಗಳು ಅತಿ ಕರೆಂಟಿಗೆ ಬೇಯುತ್ತಿರುತ್ತವೆ. ಮೋಟಾರ್ ಹಾಕುವ ಮೊದಲು ದೀಪ ನೋಡಿ, ಓಡುವಾಗ ಕಾಯಲು, ಒಂದು ಫೇಸ್ ಹೋದರೆ ಮೋಟಾರ್ ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಇರಲೇಬೇಕು. ನ್ಯೂಟ್ರಲ್ ಇಲ್ಲದ ಕಡೆ ಫೇಸಿನಿಂದ ಫೇಸಿಗೆ ಇಂಡಿಕೇಟರ್ ಹಾಕುವುದಾದರೆ 230ರದ್ದು ನಿಲ್ಲುವುದಿಲ್ಲ, 415 ವೋಲ್ಟಿನದೇ ಬೇಕು.

ಕೆಟ್ಟ ಬಲ್ಬಿನ ಎಲ್‌ಇಡಿಗಳನ್ನು ಕಿತ್ತು ಬಳಸಬಹುದೇ?

ಖಂಡಿತ. ಬಲ್ಬಿನಲ್ಲಿ ಸಾಮಾನ್ಯವಾಗಿ ಸತ್ತಿರುವುದು ಒಂದೇ, ನಡುವೆ ಕಪ್ಪು ಚುಕ್ಕೆ ಬಿದ್ದಿರುತ್ತದೆ. ಬಲ್ಬನ್ನು ಹೋಲ್ಡರಿನಿಂದ ತೆಗೆದು ಐದು ನಿಮಿಷ ಬಿಟ್ಟು ಬಿಚ್ಚಿ, ಒಳಗಿನ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರುತ್ತದೆ. ಕಿತ್ತದ್ದು 3 ವೋಲ್ಟಿಗೆ ಉರಿಯದಿದ್ದರೆ ಎಸೆಯಬೇಡಿ. ಒಂದೇ ಚೂರಿನೊಳಗೆ ಎರಡು, ಮೂರು, ಆರು ಚಿಪ್ ಸೀರೀಸ್ ಇಟ್ಟು 6, 9, 18 ವೋಲ್ಟಿನವನ್ನೂ ಮಾಡುತ್ತಾರೆ. 12 ವೋಲ್ಟ್ ಅಡಾಪ್ಟರಿಗೆ 1 ಕಿಲೋ ಓಮ್ ಸೇರಿಸಿ ಮುಟ್ಟಿಸಿ ನೋಡಿ. ಉರಿದರೆ ಅದರ ಎರಡು ತುದಿಗೆ ಮೀಟರ್ ಹಿಡಿದು ವೋಲ್ಟೇಜ್ ಬರೆದುಕೊಳ್ಳಿ. ಅದಕ್ಕೂ ಉರಿಯದಿದ್ದರೆ 9 ವೋಲ್ಟಿನ ಮೂರು ಬ್ಯಾಟರಿ ಒಂದರ ಹಿಂದೆ ಒಂದು ಜೋಡಿಸಿ, ಅದೇ 1 ಕಿಲೋ ಓಮ್ ಇಟ್ಟು ಇನ್ನೊಮ್ಮೆ ನೋಡಿ.